ಕಾಲ್ಪನಿಕ ಪ್ರಸಂಗಕ್ಕೆ ಮಳೆಗಾಳಿಯ ದೇವರನ್ನು ಕಟ್ಟುವ ಬಗೆ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ಆಟ ಶುರುವಾಗುವುದು ನವೆಂಬರಿಗೆ. ನಡುವಿನ ಮಳೆಗಾಲ ಕಾಸರಗೋಡಿನ ಹವ್ಯಾಸಿ ಸಂಘಗಳಿಗೆ ಹೊಸ ಪ್ರಸಂಗ (ಆಟದ ಕಥೆ-ಪದ್ಯ) ಬರೆಯಲು, ವೇಷ-ಕುಣಿತವಿಲ್ಲದ ತಾಳಮದ್ದಳೆಯಲ್ಲಿ ಕೂತು ಅದನ್ನು ತಿದ್ದಲು ಹೇಳಿ ಮಾಡಿಸಿದ ಹೊತ್ತು. ಪುರಾಣಕ್ಕೆ ಸೇರದ, ತನ್ನದೇ ಲೋಕವಿರುವ ಕಾಲ್ಪನಿಕ ಪ್ರಸಂಗದಲ್ಲಿ ಗಾಳಿ, ಮಳೆ, ಸಿಡಿಲುಗಳ ಒಡೆಯನೊಬ್ಬನನ್ನು ತೆಂಕುತಿಟ್ಟಿನ (ಯಕ್ಷಗಾನದ ತೆಂಕಣ ಶೈಲಿಯ) ರಂಗಕ್ಕೆ ತರುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇವೆ. ಉದಾಹರಣೆಗೆ ಒಂದು ಲೋಕ ಇಟ್ಟುಕೊಳ್ಳೋಣ: ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡಗಳೇ ತುಂಬಿದ ‘ಮುರನಾಡು’. ಅಲ್ಲಿನ ದೇವರ ಹೆಸರು ಕಾರ್ಮೊಳಗ.

ಮೊದಲು ಇವನು ಯಾರಲ್ಲ ಎಂಬುದು ಗಟ್ಟಿಯಾಗಬೇಕು.

ಇವನು ಇಂದ್ರನಲ್ಲ. ಕೈಗೆ ವಜ್ರಾಯುಧ ಕೊಟ್ಟು, ಬಿಳಿ ಆನೆ ಹತ್ತಿಸಿದಿರೋ, ನೋಡುವವರ ಕಣ್ಣಿಗೆ ಅವನು ಇಂದ್ರನೇ. ಎದುರು ಪಾತ್ರದ ಮಾತಾಡುವ ಅರ್ಥಧಾರಿ ಗೋವರ್ಧನವನ್ನೋ ಅಹಲ್ಯೆಯನ್ನೋ ಎಳೆದು ತರುತ್ತಾನೆ. ಒಮ್ಮೆ ಆ ಮಾತು ಹೊರಳಿತೆಂದರೆ ನಿಮ್ಮ ಮುರನಾಡು ಅಲ್ಲಿಗೇ ಮುಗಿಯಿತು. ವರುಣ, ಪರ್ಜನ್ಯ, ವಾಯು ಮೂವರ ಮಟ್ಟಿಗೂ ಇದೇ ಎಚ್ಚರ. ಪುರಾಣದ ಒಂದೇ ಒಂದು ಹೆಸರೂ ಪದ್ಯದಲ್ಲಿ ನುಸುಳದಂತೆ ನೋಡಿಕೊಳ್ಳಿ. ಉಪಮೆಗೆ ಕೂಡ ‘ಇಂದ್ರನಂತೆ’ ಎನ್ನಬಾರದು, ಆ ಲೋಕದಲ್ಲಿ ಇಂದ್ರನೇ ಇಲ್ಲ.

ಇವನು ಭೂತಕೋಲದ ದೈವವೂ ಅಲ್ಲ. ತೆಂಗಿನ ಸಿರಿ, ಅಣಿ, ಗಗ್ಗರ, ನುಡಿಕಟ್ಟು ಇವು ಕಟ್ಟುಕಟ್ಟಳೆಯಿಂದ ನಡೆದು ಬಂದ ಆರಾಧನೆಯ ವಸ್ತುಗಳು. ಅದನ್ನು ಹೊರುವ ಸಮುದಾಯಗಳಿವೆ, ನಂಬಿ ನಿಲ್ಲುವ ಮನೆಗಳಿವೆ. ರಂಗಕ್ಕೆ ಬೇಕಾದ ರೌದ್ರ ಯಕ್ಷಗಾನದ ಬಣ್ಣಗಾರಿಕೆಯಲ್ಲೇ ಬೇಕಾದಷ್ಟಿರುವಾಗ ಅಲ್ಲಿಂದ ಒಂದು ಗರಿಯನ್ನೂ ಕೀಳಬೇಡಿ. ಆಟಿ ತಿಂಗಳ (ಜುಲೈ-ಆಗಸ್ಟ್) ಕಳಂಜನ ಹಾಗೆ ಮನೆಮನೆಗೆ ಬರುವ ಪಾತ್ರ ಬೇಕೆನಿಸಿದರೂ ಬೇರೆ ದಾರಿ ಹುಡುಕಿ.

ದಿಕ್ಕು ಮತ್ತು ಕಾಲ

ಮಳೆದೇವರನ್ನು ಬರೆಯುವವರು ಸಾಮಾನ್ಯವಾಗಿ ಗಾಳಿ, ಗುಡುಗು, ಮಿಂಚು, ಜಡಿಮಳೆ ಎಲ್ಲವನ್ನೂ ಒಂದೇ ಪದ್ಯಕ್ಕೆ ಸುರಿದುಬಿಡುತ್ತಾರೆ. ನಮ್ಮ ಊರಿನ ಆಕಾಶ ಹಾಗಿಲ್ಲ. ಪಡುವಣ ಕಡಲಿನಿಂದ ಬರುವ ಮುಂಗಾರು ಒಮ್ಮೆ ಕೂತ ಮೇಲೆ ಗಾಳಿ ಮತ್ತು ನೀರಿನದೇ ದರ್ಬಾರು, ಸಿಡಿಲು ಅಪರೂಪ. ಸಿಡಿಲಿನ ಕಾಲ ಬೇರೆ. ಏಪ್ರಿಲ್-ಮೇಯ ಬೇಸಿಗೆ ಮಳೆಯಲ್ಲಿ, ಮತ್ತೆ ಅಕ್ಟೋಬರ್-ನವೆಂಬರಿನ ತುಲಾಮಾಸದ ಮಳೆಯಲ್ಲಿ, ಮಧ್ಯಾಹ್ನ ಬಿಸಿಲು ಕಾದು, ಮೂಡುಗಡೆಯ ಘಟ್ಟದ ನೆತ್ತಿಯಲ್ಲಿ ಮೋಡ ಕಟ್ಟಿ, ಸಂಜೆಗೆ ಗುಡುಗಿಕೊಂಡು ಇಳಿಯುತ್ತದೆ. ಈ ಒಂದು ವ್ಯತ್ಯಾಸ ಹಿಡಿದರೆ ನಿಮ್ಮ ದೇವರಿಗೆ ಎರಡು ಮುಖ ತಾನಾಗಿ ಸಿಗುತ್ತದೆ. ಪಡುವಣದಿಂದ ಬಂದಾಗ ಅವನು ಗಾಳಿ-ನೀರಿನವನು, ಬಾಯಿ ಬಿಡದೆ ತಿಂಗಳುಗಟ್ಟಲೆ ಸುರಿಯುವವನು. ಮೂಡಣದಿಂದ ಬಂದಾಗ ಬೆಂಕಿಯವನು, ಒಂದು ಗಂಟೆಯಲ್ಲಿ ಹೇಳುವುದೆಲ್ಲ ಹೇಳಿ ಹೋಗುವವನು. ರಂಗದಲ್ಲೂ ಇದನ್ನೇ ಪಾಲಿಸಿ: ಮೊದಲ ಪ್ರವೇಶ ಒಂದು ಬದಿಯಿಂದ, ಕೋಪದ ಪ್ರವೇಶ ಇನ್ನೊಂದು ಬದಿಯಿಂದ.

ಅವನ ಮನೋಧರ್ಮಕ್ಕೆ ಪಂಚಾಂಗ ಸಿದ್ಧವಾಗಿಯೇ ಇದೆ. ರೋಹಿಣಿಯಿಂದ ಸ್ವಾತಿಯವರೆಗೆ 12 ಮಳೆನಕ್ಷತ್ರ, ಒಂದೊಂದಕ್ಕೆ 13-14 ದಿನ. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 21-22ಕ್ಕೆ ಆರ್ದ್ರೆ, ಜುಲೈ 20ರ ಸುಮಾರಿಗೆ ಪುಷ್ಯ, ಆಗಸ್ಟ್ ನಡುವೆ ಮಘೆ, ಅಕ್ಟೋಬರ್ 10ರ ಆಸುಪಾಸು ಚಿತ್ತೆ, ಕೊನೆಗೆ ಸ್ವಾತಿ. ಹನ್ನೆರಡನ್ನೂ ರಂಗಕ್ಕೆ ತರಲು ಹೋಗಬೇಡಿ, ನಾಲ್ಕು ಸಾಕು. ರೋಹಿಣಿಯಲ್ಲಿ ಅವನು ಬರುವೆನೆಂದು ಹೇಳಿ ಕಳಿಸುವ ನೆಂಟ. ಆರ್ದ್ರೆಯಲ್ಲಿ ‘ಆರದೆ ಹೊಯ್ಯುವ’ ದೊರೆ. ಮಘೆಯಲ್ಲಿ, ಬಂದಷ್ಟೂ ಒಳ್ಳೆಯದು ಎನಿಸಿಕೊಳ್ಳುವ ಮನೆಯ ಮಗ. ಚಿತ್ತೆಯಲ್ಲಿ ಕುರುಡ, ಎಲ್ಲಿ ಎರಚಿದೆನೆಂದು ಅವನಿಗೇ ಗೊತ್ತಿಲ್ಲ. ಈ ಗಾದೆಗಳು ಎಲ್ಲರ ಬಾಯಲ್ಲೂ ಇರುವುದರಿಂದ ಅರ್ಥಧಾರಿ ಅರ್ಧ ಹೇಳಿ ನಿಲ್ಲಿಸಿದರೆ ಉಳಿದರ್ಧ ಸಭೆಯೇ ಹೇಳುತ್ತದೆ.

ಬಯಕೆ, ಮಿತಿ, ಬೆಲೆ

ಎಲ್ಲವನ್ನೂ ಮಾಡಬಲ್ಲ ದೇವರಿಂದ ಕಥೆ ಹುಟ್ಟುವುದಿಲ್ಲ. ಮಿತಿಯನ್ನು ಒಂದೇ ವಾಕ್ಯದಲ್ಲಿ ಹೇಳುವ ಹಾಗಿರಬೇಕು, ಇಲ್ಲವಾದರೆ ಸಭೆಗೆ ನೆನಪಿರದು. ಕಾರ್ಮೊಳಗನ ಮಿತಿ ಇದು: ನೆಲ ಮುಟ್ಟಿದ ನೀರು ಅವನದಲ್ಲ.

ಈ ಮಿತಿ ಬಂದದ್ದು ಸುರಂಗದಿಂದ. ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಬ್ಬ ಆಳು ನಡೆದು ಹೋಗುವಷ್ಟು ಕಿರಿದಾದ ಓಣಿ ಮಾಡಿ, ಒಸರುವ ನೀರನ್ನು ಪಂಪಿಲ್ಲದೆ ಅಂಗಳದ ಕೆರೆಗೆ ಹರಿಸುವ ವಿದ್ಯೆ ಇಂದಿಗೂ ಜೀವಂತವಾಗಿದೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಈ ನೆಲದಲ್ಲಿ ಏಪ್ರಿಲಿಗೆ ಕುಡಿಯುವ ನೀರಿಗೆ ತತ್ವಾರ ಬರುವುದು ಯಾಕೆಂದರೆ, ಸುರಿದದ್ದೆಲ್ಲ ಇಳಿಜಾರಿನಲ್ಲಿ ಓಡಿ ಕಡಲು ಸೇರಿಬಿಡುತ್ತದೆ. ಉಳಿದದ್ದು ಗುಡ್ಡದ ಹೊಟ್ಟೆಯೊಳಗೆ ಇಂಗಿದಷ್ಟು ಮಾತ್ರ. ಹಾಗಾಗಿ ಸುರಂಗ ತೋಡುವ ಮುದುಕನೊಬ್ಬ ಕಾರ್ಮೊಳಗನಿಗೆ ಸರಿಯಾದ ಎದುರಾಳಿ. ದೇವರು ಸುರಿದದ್ದನ್ನು ಮರಳಿ ಕೇಳುತ್ತಾನೆ, ಮುದುಕ ಕೊಡುವುದಿಲ್ಲ. ಕತ್ತಿ, ಬಿಲ್ಲು ಇಲ್ಲದೆಯೇ ಯುದ್ಧ ನಿಂತಿತು.

ಬೆಲೆ ಎಂದರೆ ಅವನ ಶಕ್ತಿಯ ಖರ್ಚು. ಒಂದು ಸಿಡಿಲು ಹೊಡೆದರೆ ಒಂದು ದಿನದ ಮಳೆ ಅವನ ಬೊಕ್ಕಸದಿಂದ ಕಳೆಯುತ್ತದೆ ಎಂದಿಡಿ. ಕೋಪಿಸಿಕೊಂಡಷ್ಟೂ ಬಡವನಾಗುತ್ತಾನೆ. ಪ್ರಸಂಗದಲ್ಲಿ ಒಟ್ಟು ಎಷ್ಟು ಸಿಡಿಲು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಏಳಕ್ಕಿಂತ ಹೆಚ್ಚು ಬೇಡ. ಎಂಟನೆಯದಕ್ಕೆ ಸಭೆ ಬೆಚ್ಚುವುದಿಲ್ಲ.

ಬಯಕೆಯ ಬಗ್ಗೆ ಒಂದು ಮಾತು. ಭಕ್ತರೆಲ್ಲರೂ ಒಂದೇ ಬೇಡಿದರೆ ದೇವರಿಗೆ ಇಕ್ಕಟ್ಟೇ ಇಲ್ಲ. ಅಡಿಕೆ ತೋಟದವನಿಗೆ ಆಟಿಯ ನಡುವೆ ಎರಡು ದಿನ ಮಳೆ ಬಿಟ್ಟು ಹೊಳವು ಬೇಕು. ಕೊಳೆರೋಗಕ್ಕೆ ಬೋರ್ಡೊ ದ್ರಾವಣ (1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು) ಮಳೆಗಾಲದ ಮುಂಚೆ ಒಮ್ಮೆ ಹೊಡೆದವನು 40-45 ದಿನಕ್ಕೆ ಇನ್ನೊಮ್ಮೆ ಹೊಡೆಯಲೇಬೇಕು, ಹೊಡೆದದ್ದು ಗೊನೆಯ ಮೇಲೆ ಒಣಗಲೂಬೇಕು. ಸುರಂಗದವನಿಗೆ ಅದೇ ಎರಡು ದಿನ ಜಿಟಿಜಿಟಿ ಮಳೆ ಬೇಕು. ದೋಣಿಯವನಿಗೆ ಗಾಳಿ ನಿಲ್ಲಬೇಕು. ಕೇರಳದ ಕಡಲಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್ ಬೋಟುಗಳಿಗೆ ನಿಷೇಧ, ಅದನ್ನೇ ನಿಮ್ಮ ಲೋಕದಲ್ಲಿ ‘ಕಾರ್ಮೊಳಗನು ಕಡಲಿಗೆ ಬೀಗ ಹಾಕುವ ಕಾಲ’ ಎಂದು ಮಾಡಿಕೊಳ್ಳಬಹುದು. ಮೂವರೂ ಸರಿ, ಮೂವರಿಗೂ ಏಕಕಾಲಕ್ಕೆ ಕೊಡಲಾಗದು. ಒಡ್ಡೋಲಗದ (ಪಾತ್ರದ ವೈಭವದ ಮೊದಲ ಪ್ರವೇಶದ) ಮುಂದಿನ ಇಡೀ ಭಾಗ ಇದರಿಂದಲೇ ಬೆಳೆಯುತ್ತದೆ.

ಹೆಸರು ಮತ್ತು ಪದ್ಯ

ಹೆಸರಿಡುವಾಗ ಅರ್ಥಕ್ಕಿಂತ ಮೊದಲು ಮಾತ್ರೆ ಎಣಿಸಿ, ಯಾಕೆಂದರೆ ಪದ್ಯ ಹಾಡುವ ಭಾಗವತರು ಆ ಹೆಸರನ್ನು ಹತ್ತಾರು ಬಾರಿ ತಾಳಕ್ಕೆ ಕೂಡಿಸಬೇಕು. ‘ಸಿಡಿಲೇಶ್ವರ’ ಎಂದಿಟ್ಟರೆ 6 ಮಾತ್ರೆ. ಝಂಪೆ ತಾಳಕ್ಕೆ ತಂದರೆ ಕೊನೆಯ ‘ರ’ ಮುಂದಿನ ಗಣಕ್ಕೆ ಜಾರಿ ಹೆಸರು ಒಡೆಯುತ್ತದೆ, ಮೇಲಾಗಿ ‘ಈಶ್ವರ’ ಎಂದ ತಕ್ಷಣ ಶಿವ ನೆನಪಾಗುತ್ತಾನೆ. ‘ಕಾರ್ಮೊಳಗ’ದಲ್ಲಿ ಒಂದು ಗುರು, ಮೂರು ಲಘು, ಒಟ್ಟು 5. ಐದರ ಗಣದ ಝಂಪೆಗೂ ವಾರ್ಧಕಕ್ಕೂ ಇಡಿಯಾಗಿ ಕೂರುತ್ತದೆ. ಕಾರ್ ಎಂದರೆ ಮಳೆಗಾಲ, ಮೊಳಗು ಎಂದರೆ ಗುಡುಗು, ಅರ್ಥವೂ ಬಂತು.

ಪ್ರವೇಶಕ್ಕೆ ವಾರ್ಧಕ ಷಟ್ಪದಿ ಒಳ್ಳೆಯದು. 1, 2, 4, 5ನೇ ಸಾಲಿಗೆ ಐದರ ನಾಲ್ಕು ಗಣ, ಅಂದರೆ 20 ಮಾತ್ರೆ. 3 ಮತ್ತು 6ನೇ ಸಾಲಿಗೆ ಐದರ ಆರು ಗಣ ಮತ್ತೊಂದು ಗುರು, 32 ಮಾತ್ರೆ. ಪೂರ್ವಾರ್ಧ ಹೀಗಿರಬಹುದು:

ಕಾರ್ಮೊಳಗ ಬಂದನೈ ಪಡುವಣದ ಕಡಲಿನಿಂ
ಊರ್ಮಿಗಳ ಬೆನ್ನೇರಿ ನೊರೆಯುಗುಳಿ ಗರ್ಜಿಸುತ
ಕೂರ್ಮೆಯಂ ಮರೆತೂರ ತೋಟದಲಿ ಕಂಗುಗಳು ಬಿಲ್ಲಂತೆ ಬಾಗುತಿರಲು

ಆದಿಪ್ರಾಸ ‘ರ್ಮ’. ಇಷ್ಟು ಬಿಗಿಯಾದ ಪ್ರಾಸ ಹಿಡಿದರೆ ಪದಗಳು ಬೇಗ ಬರಿದಾಗುತ್ತವೆ. ಕಾರ್ಮುಗಿಲು, ಕೂರ್ಮ, ಮಾರ್ಮಲೆ ಎಂದು ಮೊದಲೇ ಪಟ್ಟಿ ಮಾಡಿಕೊಂಡು ಉತ್ತರಾರ್ಧಕ್ಕೆ ಕೈ ಹಾಕಿ. ಇನ್ನೊಂದು ಗಮನಿಸಿ: ಈ ಮೂರು ಸಾಲಿನಲ್ಲಿ ಮಿಂಚು ಎಂಬ ಮಾತೇ ಇಲ್ಲ. ಪಡುವಣದ ಪ್ರವೇಶವಾದ್ದರಿಂದ ನೊರೆ, ಗಾಳಿ, ಬಾಗಿದ ಕಂಗು (ಅಡಿಕೆ ಮರ) ಅಷ್ಟೇ. ಮಿಂಚನ್ನು ಮೂಡಣದ ಪ್ರವೇಶಕ್ಕೆಂದು ಉಳಿಸಿದೆ.

ಮುದುಕನ ಪದ್ಯ ಝಂಪೆಯಲ್ಲಿರಲಿ. ‘ನೆಲ ಮುಟ್ಟಿದಾ ನೀರು ನಿನದಲ್ಲವೋ ದೊರೆಯೆ’, ಐದರ ನಾಲ್ಕು ಗಣ ಸರಿಯಾಗಿ ಬರುತ್ತದೆ. ದೇವರದೇ ಐದರ ನಡೆಯಲ್ಲಿ ಮನುಷ್ಯ ಉತ್ತರ ಕೊಡುತ್ತಿದ್ದಾನೆ ಎಂಬುದು ಕೇಳುಗರಿಗೆ ಹೇಳದೆಯೇ ತಲುಪುತ್ತದೆ. ರಾಗವನ್ನು ಭಾಗವತರಿಗೇ ಬಿಡಿ. ಮಳೆಯೆಂದರೆ ಅಮೃತವರ್ಷಿಣಿಯೇ ಆಗಬೇಕೆಂದು ಹೇರಬೇಡಿ.

ತೆರೆಯ ಹಿಂದಿನಿಂದ ಬರುವ ಗುಡುಗು

ಇಡೀ ಪ್ರಸಂಗದಲ್ಲಿ ಹೆಚ್ಚು ಅಭ್ಯಾಸ ಬೇಕಾದ ಜಾಗ ಇದು. ಮಿಂಚು ಕಂಡು ಗುಡುಗು ಕೇಳುವ ನಡುವಿನ ಅಂತರದಿಂದ ಸಿಡಿಲು ಎಷ್ಟು ದೂರ ಎಂದು ನಾವೆಲ್ಲ ಎಣಿಸುತ್ತೇವೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಂದರೆ ಒಂದು ಕಿಲೋಮೀಟರಿಗೆ 3 ಸೆಕೆಂಡು. ಮೂಡಣದ ತೆರೆಪೊರಪ್ಪಾಟಿನಲ್ಲಿ (ತೆರೆಯ ಮರೆಯಿಂದ ಆಗುವ ಪ್ರವೇಶದಲ್ಲಿ) ಇದನ್ನೇ ಬಳಸಿ. ಬೆಳಕು ದೊಂದಿಗೆ (ಪಂಜಿಗೆ) ರಾಳದ ಪುಡಿ ಎರಚಿದ್ದರಿಂದ, ಗುಡುಗು ಚೆಂಡೆಯ ಉರುಳಿಕೆಯಿಂದ.

ಮೊದಲ ರಾಳ ಹೊತ್ತಿದ ಮೇಲೆ 9 ಸೆಕೆಂಡು ಮೌನ. ಭಾಗವತರೂ ಹಾಡಬಾರದು, ಮದ್ದಳೆಯೂ ನುಡಿಯಬಾರದು. ಆಮೇಲೆ ಚೆಂಡೆಯ ಮೆಲ್ಲನೆಯ ಉರುಳಿಕೆ, ದೂರದಲ್ಲಿ ಬಂಡೆ ಹೊರಳಿದ ಹಾಗೆ. ಎರಡನೆಯದಕ್ಕೆ 6 ಸೆಕೆಂಡು, ಉರುಳಿಕೆ ಇಮ್ಮಡಿ ಜೋರು. ಮೂರನೆಯದಕ್ಕೆ 3. ನಾಲ್ಕನೆಯದಕ್ಕೆ ಅಂತರವೇ ಇಲ್ಲ: ರಾಳ ಹೊತ್ತುವುದೂ, ಚೆಂಡೆಗೆ ಒಂದೇ ಒಂದು ಭಾರಿ ಪೆಟ್ಟು ಬೀಳುವುದೂ, ತೆರೆ ಸರಿಯುವುದೂ ಒಟ್ಟಿಗೆ. ಸಿಡಿಲು ಹತ್ತಿರ ಬಿದ್ದಾಗ ಉರುಳುವುದಿಲ್ಲ, ಒಡೆಯುತ್ತದೆ. ಆದ್ದರಿಂದ ನಾಲ್ಕನೆಯದಕ್ಕೆ ಉರುಳಿಕೆ ಕೂಡದು. ಮೊದಲ ಎರಡು ಸಲ ಸಭೆಗೆ ಏನೂ ತಿಳಿಯದು. ಮೂರನೆಯದಕ್ಕೆ ಕೆಲವರು ಎಣಿಸತೊಡಗುತ್ತಾರೆ. ನಾಲ್ಕನೆಯದು ಅವರ ಎಣಿಕೆಯನ್ನೇ ಹಿಡಿದು ಹೊಡೆಯುತ್ತದೆ.

ಕೆಡುವುದು ಎಲ್ಲಿ? 9 ಸೆಕೆಂಡಿನ ಮೌನ ರಂಗದ ಮೇಲೆ ಬಹಳ ಉದ್ದ ಎನಿಸಿ ಚೆಂಡೆಯವರ ಕೈ ಐದಕ್ಕೇ ಇಳಿಯುತ್ತದೆ. ಒಬ್ಬರು ತೆರೆಯ ಮರೆಯಲ್ಲಿ ಗಡಿಯಾರ ಹಿಡಿದು ಕೈಸನ್ನೆ ಮಾಡಲಿ. ಮಳೆಗಾಲದಲ್ಲಿ ಚರ್ಮ ತಂಪು ಹೀರಿ ಸಡಿಲವಾಗಿ ಚೆಂಡೆ ಬೊಬ್ಬೆ ಹೊಡೆಯದೆ ಗೊಣಗುತ್ತದೆ. ಆಟಕ್ಕೆ ಮುಂಚೆ ಕೆಂಡದ ಹದಬಿಸಿಯಲ್ಲಿ ಹಿಡಿದು ಹಗ್ಗ ಬಿಗಿಯಬೇಕು. ತೀರ ಹತ್ತಿರ ಹಿಡಿದರೆ ಚರ್ಮ ಸುಟ್ಟು ಬಿರಿಯುತ್ತದೆ. ರಾಳದ ಪುಡಿ ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ತೇವ ಹಿಡಿದು ಗಂಟಾದದ್ದು ಗಾಳಿಯಲ್ಲಿ ಹೊತ್ತುವ ಬದಲು ಉರಿಯುತ್ತಾ ನೆಲಕ್ಕೆ ಬೀಳುತ್ತದೆ. ಒಂದು ಸಲಕ್ಕೆ ಒಂದು ಚಮಚ, ಮುಷ್ಟಿ ತುಂಬಾ ಅಲ್ಲ. ವೇಷದಿಂದಲೂ ಸಭೆಯಿಂದಲೂ ದೂರಕ್ಕೆ, ಮೇಲ್ಮುಖವಾಗಿ ಎರಚಿ. ನೈಲಾನ್ ತೆರೆ, ಫ್ಲೆಕ್ಸು, ಥರ್ಮಾಕೋಲು ಹತ್ತಿರವಿದ್ದರೆ ರಾಳ ಬೇಡವೇ ಬೇಡ, ಬಿಳಿ ವಿದ್ಯುದ್ದೀಪವನ್ನೇ ಮಿನುಗಿಸಿ. ಒಂದು ಬಾಲ್ದಿ ನೀರು, ಒಂದು ಬಾಲ್ದಿ ಹೊಯ್ಗೆ (ಮರಳು) ಪಕ್ಕದಲ್ಲೇ ಇರಲಿ.

ಪಡುವಣದ ಪ್ರವೇಶಕ್ಕೆ ಮಳೆಯ ಸದ್ದು ಮಾತ್ರ ಬೇಕು. ಅಗಲವಾದ ಎರಡು ಒಣ ಅಡಿಕೆ ಹಾಳೆಯನ್ನು ಅಂಚಿಗೆ ಅಂಚು ಹೊಲಿದು, ಒಂದು ಸೇರು ಭತ್ತ ಹಾಕಿ, ಇಬ್ಬರು ಹಿಡಿದು ನಿಧಾನಕ್ಕೆ ಅತ್ತಿತ್ತ ವಾಲಿಸಿ. ಅಕ್ಕಿ ಹಾಕಿದರೆ ಸದ್ದು ತೆಳ್ಳಗೆ, ಅಡಿಕೆ ಹಾಕಿದರೆ ಕಲ್ಲು ಬಿದ್ದಂತೆ. ಭತ್ತವೇ ಸರಿ. ಮೈಕು ಹಾಳೆಯಿಂದ ಒಂದು ಗೇಣು ದೂರದಲ್ಲಿರಲಿ.

ಬಣ್ಣ ಮತ್ತು ಕಿರೀಟ

ರಾಜವೇಷ ಕಟ್ಟಿದರೆ ಇಂದ್ರನಾಗುತ್ತಾನೆ, ಪೂರ್ತಿ ಬಣ್ಣದ ವೇಷ ಕಟ್ಟಿದರೆ ರಾಕ್ಷಸನಾಗುತ್ತಾನೆ. ವೀರಭದ್ರನಂಥ ರೌದ್ರ ದೇವತೆಗೆ ಬಣ್ಣಗಾರಿಕೆ ಇರುವುದರಿಂದ ನಡುದಾರಿ ಹೊಸತೇನಲ್ಲ. ಮುಖಕ್ಕೆ ಬೂದುನೀಲಿ ತಳ: ಎರಡು ಚಮಚ ಸಫೇದ (ಬಿಳಿ ಬಣ್ಣದ ಪುಡಿ), ಕಾಲು ಚಮಚ ನೀಲಿ, ಚಿಟಿಕೆ ಮಸಿ, ತೆಂಗಿನೆಣ್ಣೆಯಲ್ಲಿ ಕಲಸಿದ್ದು. ಹಗಲಲ್ಲಿ ನೋಡಿ ಸಾಕೆನಿಸಿದ ನೀಲಿ ರಾತ್ರಿ ಹಳದಿ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತದೆ, ಹಾಗಾಗಿ ಕನ್ನಡಿಯೆದುರು ಒಂದು ಛಾಯೆ ತೆಳ್ಳಗೇ ಇಡಿ. ಹಳೆಯ ಪೆಟ್ಟಿಗೆಯ ಅರದಾಳ, ಇಂಗಳೀಕ ಬೇಡ. ಒಂದರಲ್ಲಿ ಆರ್ಸೆನಿಕ್, ಇನ್ನೊಂದರಲ್ಲಿ ಪಾದರಸ.

ಚುಟ್ಟಿ (ಮುಖದ ಮೇಲೆ ಉಬ್ಬಿಸಿಡುವ ಬಿಳಿ ಮೊನೆಗಳ ಸಾಲು) ಇಡಿ, ಆದರೆ ಮುಖ ತುಂಬ ಅಲ್ಲ. ಹುಬ್ಬಿನ ಕೊನೆಯಿಂದ ಕೆನ್ನೆಗಿಳಿಯುವ ಎರಡೆರಡು ಸಾಲು, ಮಾಡಿನಿಂದ ಇಳಿಯುವ ನೀರಿನ ಹಾಗೆ. ಅಕ್ಕಿಹಿಟ್ಟು-ಸುಣ್ಣದ ಮಿಶ್ರಣ ಕಡ್ಡಿಯಿಂದ ಎತ್ತಿದರೆ ಮೊನೆ ನಿಲ್ಲುವಷ್ಟು ಗಟ್ಟಿಯಾಗಿರಲಿ. ನೀರಾದರೆ ಮೊನೆ ಕುಸಿದು ಬೊಟ್ಟಾಗುತ್ತದೆ. ತೀರ ಗಟ್ಟಿಯಾದರೆ ಮೊದಲ ಆರ್ಭಟಕ್ಕೇ ಕೆನ್ನೆ ಅಲುಗಿ ಉದುರುತ್ತದೆ. ಮಳೆಗಾಲದ ತೇವದಲ್ಲಿ ಒಣಗಲು ಇಮ್ಮಡಿ ಹೊತ್ತು ಹಿಡಿಯುವುದರಿಂದ ಒಂದು ಸಾಲು ಒಣಗಿದ ಮೇಲೇ ಇನ್ನೊಂದು. ಸುಣ್ಣ ಕಣ್ಣಿಗೆ ಬಿದ್ದರೆ ಉಜ್ಜದೆ ಬಹಳ ಹೊತ್ತು ನೀರಲ್ಲಿ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಕಿರೀಟದ ಹಿಂದಿನ ತಟ್ಟಿಗೆ ಹಾಳೆಯೇ ಸಾಕು. ಬೇಸಿಗೆಯಲ್ಲೇ ಬಿದ್ದ, ಕಲೆಯಿಲ್ಲದ ಐದಾರು ಹಾಳೆ ತೆಗೆದಿಡಿ. ಜೂನಿನಲ್ಲಿ ಹುಡುಕಿದರೆ ಬೂಸ್ಲು ಹಿಡಿದದ್ದೇ ಸಿಗುವುದು. ಅರ್ಧ ಗಂಟೆ ನೀರಲ್ಲಿ ನೆನೆಸಿ, ಅಂಚು ಕತ್ತರಿಸಿ, ಎರಡು ಪದರವನ್ನು ನಾರು ಅಡ್ಡಡ್ಡವಾಗುವಂತೆ ಮೈದಾ ಅಂಟಿನಿಂದ ಕೂಡಿಸಿ. ಒಂದು ಲೋಟ ಅಂಟಿಗೆ ಕಾಲು ಚಮಚ ಮೈಲುತುತ್ತು ಬೆರೆಸಿದರೆ ಬೂಸ್ಲು ಬರದು (ವಿಷ, ಕೈ ತೊಳೆಯಿರಿ, ಮುಖಕ್ಕೆ ತಾಗುವ ಬದಿಗೆ ಬಟ್ಟೆ ಹೊಲಿಯಿರಿ). ಒಂದು ರಾತ್ರಿ ಮುರಕಲ್ಲಿನಡಿ ಅದುಮಿಟ್ಟು, ಎರಡು ಬಿಸಿಲು ಕೊಟ್ಟು, ಅಂಚಿಗೆ ಬಿದಿರಿನ ಸಲಾಕೆ ಕಟ್ಟಿ. ನಾರು ಒಂದೇ ದಿಕ್ಕಿಗಿಟ್ಟರೆ ಒಣಗುವಾಗ ದೋಣಿಯ ಹಾಗೆ ಮಗುಚಿಕೊಳ್ಳುತ್ತದೆ. ಬೇಗಡೆ, ಕನ್ನಡಿ ಎಲ್ಲ ಸೇರಿ ಒಂದು ಕಿಲೋ ದಾಟದಿರಲಿ, ಧಿಗಿಣ (ಹಾರಿ ಸುತ್ತುವ ಕುಣಿತ) ತೆಗೆಯಬೇಕಾದ ಕುತ್ತಿಗೆ ಅದು.

ಅರ್ಥಗಾರಿಕೆ

ದೇವರು ಕಡಿಮೆ ಮಾತಾಡಲಿ. ಪಡುವಣದವನಾಗಿ ಬಂದಾಗ ಉದ್ದ, ನಿಧಾನದ ವಾಕ್ಯಗಳು. ಮೂಡಣದವನಾದಾಗ ನಾಲ್ಕು ಪದಕ್ಕಿಂತ ಉದ್ದದ ವಾಕ್ಯ ಬೇಡ. ಮಾದರಿಗೆ:

“ಎಲಾ ಮುದುಕ, ಕೊಟ್ಟವನು ನಾನು.”
“ಹೌದು ಒಡೆಯಾ, ಕೊಟ್ಟದ್ದು ನೀವೇ. ಹಿಡಿದದ್ದು ಗುಡ್ಡ. ನಾನು ಬಾಗಿಲು ತೆಗೆದವ ಮಾತ್ರ.”
“ಬಾಗಿಲು ಮುಚ್ಚು.”
“ಮುಚ್ಚಿದರೆ ಒಳಗೆ ಕತ್ತಲೆ, ಹೊರಗೆ ಬಾಯಾರಿಕೆ. ನೀವು ಬರುವುದು ಇನ್ನು ರೋಹಿಣಿಗಲ್ಲವೇ? ಅಲ್ಲಿವರೆಗೆ ಕೊಡಪಾನ ಹಿಡಿದು ಬರುವ ಮಕ್ಕಳಿಗೆ ನಾನು ಯಾರ ಹೆಸರು ಹೇಳಲಿ?”

ಮುದುಕನ ಪಾತ್ರಧಾರಿಗೆ ಹಾಸ್ಯಗಾರರನ್ನು ಹಾಕುವ ಚಾಳಿ ಉಂಟು. ಇಲ್ಲಿ ಹಾಗೆ ಮಾಡಿದರೆ ದೇವರಿಗೆ ಎದುರಾಳಿಯೇ ಇಲ್ಲದಂತಾಗುತ್ತದೆ. ಪೀಠಿಕೆಯ ತೂಕ ಬಲ್ಲ ಅರ್ಥಧಾರಿಯೇ ಬೇಕು. ತಾಳಮದ್ದಳೆಯಲ್ಲಿ ಕನಿಷ್ಠ ಮೂರು ಸಲ ಕೂಡಿಸಿ ನೋಡಿ. ಮೊದಲ ಸಲ ಸಂವಾದ 40 ನಿಮಿಷ ಎಳೆದರೆ ಗಾಬರಿ ಬೇಡ, ರಂಗಕ್ಕೆ ಬರುವಾಗ ಅದನ್ನು 15ಕ್ಕೆ ಇಳಿಸಿ.

ಕಾರ್ಮೊಳಗ ಸಾಯುವುದಿಲ್ಲ, ಸೋತು ಓಡುವುದೂ ಇಲ್ಲ. ಏಳನೆಯ ಸಿಡಿಲಿನೊಂದಿಗೆ ಬೊಕ್ಕಸ ಬರಿದಾದ ಮೇಲೆ, ಸ್ವಾತಿಯ ಪದ್ಯಕ್ಕೆ, ಬಂದ ಬದಿಯಿಂದಲ್ಲದೆ ಎದುರು ಬದಿಯಿಂದ ಕುಣಿತವಿಲ್ಲದೆ ನಡೆದು ಹೋಗಲಿ. ಚೆಂಡೆ, ಮದ್ದಳೆ ನಿಂತ ಮೇಲೂ ಹಾಳೆಯ ಭತ್ತ ಹತ್ತು ಸೆಕೆಂಡು ಸದ್ದು ಮಾಡುತ್ತಿರಬೇಕು. ಹಾಳೆ ಹಿಡಿದ ಇಬ್ಬರೂ ಕೊನೆಯ ಕಾಳು ನಿಲ್ಲುವವರೆಗೆ ಕೈ ಅಲುಗಿಸದೆ ಹಿಡಿದಿರಲಿ. ಮಂಗಳ ಶುರುವಾಗುವುದು ಅದಾದ ಮೇಲೆ.